ಆಡುಸೋಗೆ ಎಲೆಯ ಮೇಲೆ ಹೊರಿಸಿದ ತಪ್ಪು

ನಾನು ನಿವೃತ್ತನಾದದ್ದು ಕಳೆದ ವರ್ಷ. ಇದು ಅದಕ್ಕೂ ಎರಡು ವರ್ಷ ಮೊದಲಿನ ಮಾತು. ಆಗ ಸೇಡಂನ ಕಾಲೇಜೊಂದರಲ್ಲಿ ಔಷಧ ರಸಾಯನ ವಿಭಾಗದ ಮುಖ್ಯಸ್ಥನಾಗಿದ್ದೆ. ನನ್ನ ಮಾರ್ಗದರ್ಶನದಲ್ಲಿ ಸ್ನಾತಕೋತ್ತರ ಪ್ರಬಂಧಕ್ಕೆ ಕೆಲಸ ಮಾಡುತ್ತಿದ್ದವಳು ದಂಡೋತಿಯ ಶೋಭಾ. ಮದುವೆಯಾಗಿ, ಮಗುವಾದ ಮೇಲೆ ಮತ್ತೆ ಓದಲು ಬಂದವಳು. ದಿನಾ ಬಸ್ಸಿನಲ್ಲಿ ಓಡಾಡಿದರೂ ಲ್ಯಾಬಿಗೆ ನನಗಿಂತ ಮೊದಲೇ ಬಂದಿರುತ್ತಿದ್ದಳು.

ಅವಳ ವಿಷಯ ಆಡುಸೋಗೆ ಎಲೆ. ಕೆಮ್ಮಿಗೆ ಮನೆಗಳಲ್ಲಿ ಕಷಾಯ ಮಾಡುವ ಈ ಎಲೆಯಲ್ಲಿ ವ್ಯಾಸಿಸಿನ್ ಎಂಬ ಅಂಶವಿದೆ. ಅದನ್ನು ಅಲ್ಟ್ರಾಸೌಂಡ್ ಬಳಸಿ ಹೊರತೆಗೆಯಬೇಕಿತ್ತು. ನಮ್ಮಲ್ಲಿದ್ದದ್ದು ನೀರು ತುಂಬಿದ ಒಂದು ಸ್ಟೀಲ್ ತೊಟ್ಟಿ. ಅದರ ತಳದಲ್ಲಿ ಕಿವಿಗೆ ಕೇಳದ ಧ್ವನಿ ಹೊರಡಿಸುವ ಬಿಲ್ಲೆಗಳು. ಎಲೆಪುಡಿ ಮತ್ತು ಆಲ್ಕೋಹಾಲ್ ಹಾಕಿದ ಫ್ಲಾಸ್ಕನ್ನು ಆ ನೀರಿನಲ್ಲಿಟ್ಟರೆ, ಧ್ವನಿಯ ಹೊಡೆತಕ್ಕೆ ಸಣ್ಣ ಗುಳ್ಳೆಗಳೆದ್ದು ಒಡೆಯುತ್ತವೆ. ಆಗ ಎಲೆಯ ಜೀವಕೋಶಗಳ ಗೋಡೆ ಬಿರಿದು ಸಾರ ಹೊರಬರುತ್ತದೆ. ಗಂಟೆಗಟ್ಟಲೆ ಕುದಿಸುವ ಕೆಲಸ ನಮ್ಮಲ್ಲಿ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತಿತ್ತು.

ಆದರೆ ನಾನು ಮಾಡಿ ತೋರಿಸಿದಾಗ ಸಿಕ್ಕಷ್ಟರಲ್ಲಿ ಅರ್ಧವೂ ಶೋಭಾಳಿಗೆ ಸಿಗಲಿಲ್ಲ. ಒಂದು ತಿಂಗಳು ಇದೇ ಕಥೆ. ಪ್ರಬಂಧ ಒಪ್ಪಿಸಲು ಆರು ವಾರ ಉಳಿದಿತ್ತು. ಒಂದು ಮಧ್ಯಾಹ್ನ ತಾಳ್ಮೆ ಕಳೆದುಕೊಂಡು, ಉಳಿದ ವಿದ್ಯಾರ್ಥಿಗಳ ಎದುರಿಗೇ ಅಂದುಬಿಟ್ಟೆ: “ಮನ್ಯಾಗ ಎಲಿ ಬಿಸಲಾಗ ಹಾಕಿ ಕೆಡಿಸೀರಿ. ಇಲ್ಲಾಂದ್ರ ನಿನ್ನ ಕೈಯಾಗ ತಪ್ಪ್ ಅದ. ವಿಷಯ ಬದಲು ಮಾಡು.” ವಿಷಯ ಬದಲಾದರೆ ಅವಳಿಗೆ ಒಂದು ವರ್ಷ ನಷ್ಟ.

“ಎಲೀದು ತಪ್ಪಿಲ್ರಿ ಸರ್. ನಮ್ಮವ್ವ ನೆರಳಾಗೇ ಒಣಗಸ್ಯಾಳ,” ಅಂದಳು ಶೋಭಾ.

ಮರುದಿನ ಬೆಳಿಗ್ಗೆ ಅವಳ ಜೊತೆ ಅವಳ ತಾಯಿ ನಾಗಮ್ಮನೂ ಬಂದರು. ಕೈಯಲ್ಲಿ ಎಲೆಯ ಚೀಲ.

“ಬರ್ರಿ ಯಮ್ಮಾ, ಕುಂದ್ರಿ,” ಅಂದೆ.

“ಕುಂದ್ರಾಕ ಬಂದಿಲ್ರಿ ಸರಾ. ನನ್ನ ಎಲಿ ಖರಾಬ್ ಅಂದ್ರಂತ. ನನ್ನ ಕಣ್ಣ್ ಮುಂದ ನೀವಾ ಮಾಡ್ರಿ. ಖರಾಬ್ ಇದ್ರ ಎಲೀನೂ ಒಯ್ತೀನಿ, ಮಗಳನ್ನೂ ಕರ್ಕೊಂಡು ಹೋಗ್ತೀನಿ.”

ಶೋಭಾ ನಾಚಿಕೆಯಿಂದ ತಲೆ ತಗ್ಗಿಸಿದ್ದಳು. ನಾನೇ ಎಲೆ ಪುಡಿಮಾಡಿ, ತೂಗಿ, ಖಾತ್ರಿಗೆಂದು ಎರಡು ಫ್ಲಾಸ್ಕಿಗೆ ಆಲ್ಕೋಹಾಲ್ ಜೊತೆ ಹಾಕಿದೆ. ಒಂದನ್ನು ತೊಟ್ಟಿಯ ನಡುವೆ ಇಟ್ಟೆ, ಇನ್ನೊಂದನ್ನು ಶೋಭಾ ದಿನಾ ಇಡುತ್ತಿದ್ದ ಎಡಮೂಲೆಯಲ್ಲಿ. ನಡುವಿನ ಜಾಗದಲ್ಲಿ ಯಾವಾಗಲೂ ನನ್ನ ಸ್ವಂತ ಸಂಶೋಧನೆಯ ಫ್ಲಾಸ್ಕುಗಳು ಇರುತ್ತಿದ್ದವು; ಅವಳಿಗೆ ಮಾಡಿ ತೋರಿಸಿದ್ದೂ ಅಲ್ಲೇ.

ಇಪ್ಪತ್ತು ನಿಮಿಷದ ಬಳಿಕ ಎತ್ತಿ ಸೋಸಿದಾಗ ನಡುವಿನದು ಕಡುಹಸಿರು, ಮೂಲೆಯದು ನೀರುನೀರು. ನಾಗಮ್ಮ ಬಗ್ಗಿ ನೋಡಿದರು. “ಎರಡೂ ಒಂದಾ ಚೀಲದ್ದಲ್ರೀ? ಮತ್ತ ಮೂಲ್ಯಾಗಿಂದು ಯಾಕ ತಿಳಿ ಅದ?”

ಅಲ್ಯೂಮಿನಿಯಂ ಹಾಳೆಯೊಂದನ್ನು ತೊಟ್ಟಿಯ ಉದ್ದಕ್ಕೂ ನೀರಿನಲ್ಲಿ ಹಿಡಿದೆ. ಧ್ವನಿ ಬಲವಾಗಿರುವ ಕಡೆ ಹಾಳೆ ತೂತು ಬೀಳುತ್ತದೆ. ಎತ್ತಿ ನೋಡಿದರೆ ನಡುವೆಲ್ಲ ಜರಡಿಯಂತಾಗಿತ್ತು. ಎಡತುದಿಯಲ್ಲಿ ಒಂದು ಚುಕ್ಕೆಯೂ ಇಲ್ಲ. ಆ ಮೂಲೆಯ ತಳದ ಬಿಲ್ಲೆ ಸತ್ತುಹೋಗಿತ್ತು. ಒಂದು ತಿಂಗಳು ಶೋಭಾ ತನ್ನ ಎಲೆಪುಡಿಯನ್ನು ಬರೀ ನೀರಿನಲ್ಲಿ ಇಟ್ಟು ತೆಗೆದಂತಾಗಿತ್ತು.

“ತಪ್ಪು ನಂದಾ ಯಮ್ಮಾ,” ಅಂದೆ.

“ನನಗ್ಯಾಕ ಹೇಳ್ತೀರಿ ಸರಾ? ಆಕಿಗಿ ಹೇಳ್ರಿ.”

ಹಿಂದಿನ ದಿನ ಅಲ್ಲಿದ್ದ ವಿದ್ಯಾರ್ಥಿಗಳನ್ನೆಲ್ಲ ಕರೆಸಿ, ಅವರ ಎದುರಿಗೇ ಶೋಭಾಳ ಕ್ಷಮೆ ಕೇಳಿದೆ. ಅವಳ ಕಣ್ಣುಗಳು ತುಂಬಿದ್ದವು. ಆದರೂ ನಗುತ್ತ ಅಂದಳು: “ಇನ್ನ ಮ್ಯಾಲ ನಡಬರಕಿನ ಜಾಗ ನನಗ ಕೊಡ್ರಿ ಸರ್.”

ಕೊಟ್ಟೆ. ನನ್ನ ಫ್ಲಾಸ್ಕುಗಳು ಆರು ವಾರ ಕಪಾಟು ಸೇರಿದವು. ಅವಳು ಎಲ್ಲ ಪ್ರಯೋಗಗಳನ್ನು ಮೊದಲಿನಿಂದ ಮಾಡಿ, ಗಡುವಿಗೆ ಒಂದು ದಿನ ಮುಂಚೆ ಪ್ರಬಂಧ ಒಪ್ಪಿಸಿದಳು. ಪರೀಕ್ಷಕರು ಅಂಕಿಗಳನ್ನು ಮೆಚ್ಚಿದರು.

ಅಷ್ಟು ವರ್ಷ ವಿದ್ಯಾರ್ಥಿಗಳಿಗೆ ಅನುಮಾನಿಸುವುದನ್ನೇ ಕಲಿಸಿದವನು ನಾನು. ಆದರೆ ಶೋಭಾಳನ್ನು ಅನುಮಾನಿಸಲು ನನಗೆ ಒಂದು ನಿಮಿಷ ಸಾಕಾಯಿತು. ಆ ಯಂತ್ರವನ್ನು ಅನುಮಾನಿಸಲು ಒಂದು ತಿಂಗಳೂ, ದಂಡೋತಿಯಿಂದ ಬಂದ ಒಬ್ಬ ತಾಯಿಯೂ ಬೇಕಾಯಿತು.