ಹೋಳಿಗೆ ತಿಂದ ಕೌದಿಗಳು

ಮಾರ್ಚ್ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಥಳ, ಟಿ. ದಾಸರಹಳ್ಳಿಯಲ್ಲಿ ಸೊಸೆ ಬಾಡಿಗೆಗೆ ಹಿಡಿದಿರುವ ಶೀಟಿನ ಶೆಡ್ಡು. ಹಾಜರಿದ್ದವರು ನಾನು, ನನ್ನ ಹೆಂಡತಿ ಮತ್ತು ಸೊಸೆ. ಮಷೀನಿನ ಮೇಲೆ ಹೊಲಿಯುವ ಪಕ್ಕದ ಬೀದಿಯ ಹೆಂಗಸು ಸ್ವಲ್ಪ ತಡವಾಗಿ ಬಂದಳು.

"ಏನ್ ತಾತ, ಸೈರನ್ ಹೊಡೆದ್ಬಿಟ್ರಾ?" ಎಂದು ನಗುತ್ತಲೇ ಚಪ್ಪಲಿ ಬಿಟ್ಟಳು.

ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ನೋಡಿಕೊಳ್ಳುತ್ತಿದ್ದವನು. ನಿವೃತ್ತನಾಗಿ ಬಹಳ ಕಾಲವಾಯಿತು, ಆದರೆ ಮೈಗೆ ಸೈರನ್ ಮರೆತಿಲ್ಲ. ಶೆಡ್ಡಿನಲ್ಲಿ ಪ್ರತಿಯೊಂದು ಕತ್ತರಿಗೂ ಒಂದು ಮೊಳೆ ಇದೆ, ಪ್ರತಿಯೊಂದು ಕೆಲಸಕ್ಕೂ ಒಂದು ಹೊತ್ತು ಇದೆ. ಸೊಸೆಗೆ ಇದರಿಂದ ಅನುಕೂಲವೆಂದು ನಾನು ನಂಬಿದ್ದೇನೆ. ಅವಳನ್ನು ಕೇಳಿಲ್ಲ.

ನಮ್ಮದು ಕೌದಿಯ ಕೆಲಸ. ಧಾರವಾಡದ ಕಡೆ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಕಿ ಹೊಲಿದು ಹೊದೆಯುತ್ತಾರಲ್ಲ, ಅದೇ. ಇಲ್ಲಿ ಹಳೆಯ ಸೀರೆಗಳ ಬದಲು ಗಾರ್ಮೆಂಟ್ಸ್‌ಗಳಲ್ಲಿ ಕತ್ತರಿಸಿ ಉಳಿದ ಚೂರುಬಟ್ಟೆ ಮೂಟೆಗಟ್ಟಲೆ ಸಿಗುತ್ತದೆ. ಹಿಂದೆ ಅದನ್ನೆಲ್ಲ ಖಾಲಿ ಸೈಟುಗಳಲ್ಲಿ ಸುರಿದು ಸುಡುತ್ತಿದ್ದರು. ಬೆಳಿಗ್ಗೆ ನನ್ನ ಮೊದಲ ಕೆಲಸ ಮೂಟೆ ಬಿಚ್ಚಿ, ಅನುಮಾನ ಬಂದ ಚೂರಿನಿಂದ ಒಂದೆಳೆ ಕಿತ್ತು, ಬೆಂಕಿಕಡ್ಡಿಗೆ ಹಿಡಿಯುವುದು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಮುದುಡಿ ಗಟ್ಟಿ ಮಣಿಯಾಗುತ್ತದೆ. ಹತ್ತಿ ಕೌದಿಗೆ, ಮಿಕ್ಕದ್ದು ದಿಂಬು ತುಂಬುವವನಿಗೆ. ಬಣ್ಣಕ್ಕೆ ಮೆಸ್ಸಿನ ಈರುಳ್ಳಿ ಸಿಪ್ಪೆ ಮತ್ತು ಮೆಟ್ರೋ ಹತ್ತಿರದ ಜ್ಯೂಸ್ ಅಂಗಡಿಯ ದಾಳಿಂಬೆ ಸಿಪ್ಪೆ, ತೊಳೆಯಲು ಅಂಟುವಾಳ. ಮಷೀನು ಓಡುವುದು ಶೀಟಿನ ಮೇಲಿನ ಸೋಲಾರ್‌ನಿಂದ.

ಅಂದು ಸಂಜೆ ನಾಲ್ಕಕ್ಕೆ ವೈಟ್‌ಫೀಲ್ಡಿನಿಂದ ಒಬ್ಬ ಮೇಡಂ ಬರುವವರಿದ್ದರು. ಎಳೆ ಮಕ್ಕಳ ಬಟ್ಟೆಯ ಅಂಗಡಿ ಅವರದು. ಮಾದರಿಗೆಂದು ಎಂಟು ಪುಟ್ಟ ಕೌದಿ ಹೇಳಿದ್ದರು. ಷರತ್ತು ಒಂದೇ: ಬಣ್ಣದಲ್ಲಾಗಲಿ, ತೊಳೆಯುವುದರಲ್ಲಾಗಲಿ, ಇಡುವುದರಲ್ಲಾಗಲಿ ಯಾವ ರಾಸಾಯನಿಕವೂ ತಾಗಿರಬಾರದು. ಅವರಿಗೆ ಒಪ್ಪಿಗೆಯಾದರೆ ವರ್ಷವಿಡೀ ಕೆಲಸ. ಆಗದಿದ್ದರೆ ತಿಂಗಳ ಕೊನೆಗೆ ಶೆಡ್ಡು ಬಿಟ್ಟು ಮತ್ತೆ ಗಾರ್ಮೆಂಟ್ಸ್ ಬಸ್ಸು ಹತ್ತುತ್ತೇನೆ ಎಂದು ಸೊಸೆ ಊಟಕ್ಕೆ ಕೂತಾಗ ಹೇಳಿದ್ದಳು. ದನಿ ಏರಿಸದೆ ಹೇಳಿದ್ದರಿಂದ ಅದು ನಿಜವೆಂದು ನಮಗೆಲ್ಲ ಗೊತ್ತಾಗಿತ್ತು.

ಕೌದಿಗಳನ್ನು ಮಡಚಿಡಲು ಹೋದ ಹೊಲಿಗೆಯ ಹೆಂಗಸು ಕಿರುಚಿದಳು. "ಅಕ್ಕಾ, ಇಲ್ಬನ್ನಿ! ಇರ್ವೆ! ಇಂಗೆ ಸಾಲು ಕಟ್ಕೊಂಡು ಹೋಯ್ತಾವೆ!"

ಕಿಟಕಿಯಿಂದ ಗೋಡೆ, ಗೋಡೆಯಿಂದ ಬೆಂಚು, ಬೆಂಚಿನಿಂದ ಕೌದಿ. ನನ್ನ ಶಿಫ್ಟಿನಲ್ಲೂ ಅಷ್ಟು ಶಿಸ್ತಿನ ಸಾಲು ನಾನು ಕಂಡಿರಲಿಲ್ಲ. ಎಲ್ಲವೂ ಹೋಗುತ್ತಿದ್ದದ್ದು ಪ್ರತಿ ಕೌದಿಯ ಒಂದೇ ಒಂದು ಮೂಲೆಗೆ. ಆ ಮೂಲೆ ಹೊಲಿದು ಮುಗಿಸುವುದು ಹಿರಿಯಳಾದ ನನ್ನ ಹೆಂಡತಿಯ ಕೆಲಸ.

ನಾನು ಅವಳ ಕಡೆ ತಿರುಗಿದೆ. ಅವಳು ಸೂಜಿಗೆ ದಾರ ಪೋಣಿಸುವುದರಲ್ಲಿ ಬಹಳ ಮಗ್ನಳಾಗಿದ್ದಳು.

"ಏನು ಹಾಕಿದ್ದೀ ಒಳಗೆ?"

"ಏನ ಹಾಕ್ತಾರ? ಕೌದಿ ಹೊಟ್ಟಿ ತುಂಬಿಸಿ ಬಾಯಿ ಹೊಲೀಬೇಕಲ್ಲ. ಹಸದ ಕೌದಿ ಹೊಚ್ಚಿದ್ರ ಕೂಸಿಗೆ ನಿದ್ದಿ ಹತ್ತೂದಿಲ್ಲ."

ಅದು ಅವಳ ತವರಿನ ಪದ್ಧತಿ. ಮೂಲೆ ಮುಚ್ಚುವ ಮುಂಚೆ ಒಂದು ಚೂರು ಜೋಳದ ರೊಟ್ಟಿ ಒಳಗಿಡುವುದು. ನಮ್ಮ ಮನೆಯ ಹಳೆಯ ಕೌದಿಯಲ್ಲೂ ಇದೆ. ಒಣಗಿ ಹಪ್ಪಳದಂತಾಗಿರುವ ಅದನ್ನು ಯಾವ ಇರುವೆಯೂ ಮೂಸಿಲ್ಲ.

"ರೊಟ್ಟಿಗೆ ಇಷ್ಟು ಇರುವೆಯೇ?" ಎಂದೆ.

"ಮೊದಲನೇ ಆರ್ಡರು, ಒಣಾ ರೊಟ್ಟಿ ಹ್ಯಾಂಗ ಇಡೂದ್ರಿ? ಹೋಳಿಗಿ ಇಟ್ಟೀನಿ."

"ಅತ್ತೀ!" ಎಂದು ಸೊಸೆ ತಲೆ ಹಿಡಿದುಕೊಂಡು ಮೂಟೆಯ ಮೇಲೆ ಕೂತುಬಿಟ್ಟಳು.

"ತುಪ್ಪಾನೂ ಹಾಕಿದ್ರಾ, ಅಮ್ಮ?" ಎಂದು ಹೊಲಿಗೆಯ ಹೆಂಗಸು ಕೇಳಿದಳು.

"ತುಪ್ಪ ಇಲ್ಲದ ಹೋಳಿಗಿ ಇರ್ತದೇನ?"

ನಾನು ಮನೆಗೆ ಹೋಗಿ ಇರುವೆಗೆ ಹೊಡೆಯುವ ಸ್ಪ್ರೇ ತಂದೆ. ಸೊಸೆ ಬಾಗಿಲಲ್ಲೇ ತಡೆದಳು. "ಬೇಡ ಮಾವಾರ. ಅದನ್ನ ಹೊಡೆದು ಇದರಾಗ ಏನೂ ಇಲ್ಲ ಅಂತ ನಾ ಹೇಳಂಗಿಲ್ಲ. ಕೆಲಸ ಹೋದ್ರ ಹೋಗಲಿ." ಸ್ಪ್ರೇಯನ್ನು ಹೊರಗೆ ಗೇಟಿನ ಪಕ್ಕದಲ್ಲೇ ಇಟ್ಟೆ.

ನಂತರ ಕೆಲಸ ಹಂಚಿದೆ. ಹೊಲಿಗೆಯ ಹೆಂಗಸು ಮೂಲೆ ಬಿಚ್ಚಬೇಕು, ಸೊಸೆ ಹೋಳಿಗೆ ತೆಗೆದು ಮೂಲೆಯನ್ನು ಅಂಟುವಾಳದ ನೀರಿನಿಂದ ಒರೆಸಬೇಕು, ನಾನು ಮನೆಯ ತಾರಸಿಗೆ ಒಯ್ದು ಕೊಡವಿ ಬಿಸಿಲಿಗೆ ಹರಡಬೇಕು. ದಾಸರಹಳ್ಳಿಯ ಮಾರ್ಚ್ ಬಿಸಿಲು ನಮ್ಮ ಪರವಾಗಿತ್ತು. ಮಧ್ಯಾಹ್ನದೊಳಗೆ ಕೌದಿಗಳಲ್ಲಿ ಒಂದು ಇರುವೆಯೂ ಉಳಿಯಲಿಲ್ಲ.

ತೊಡಕು ಬಂದದ್ದು ಮತ್ತೆ ಹೊಲಿಯುವಾಗ. ಹೆಂಡತಿ ಸೂಜಿ ಕೆಳಗಿಟ್ಟು, "ಖಾಲಿ ಹೊಟ್ಟಿ ಕೌದಿಗೆ ನಾ ಕೈ ಹಚ್ಚಂಗಿಲ್ಲ" ಎಂದಳು.

"ಸಿಹಿ ಬೇಡ, ತುಪ್ಪ ಬೇಡ, ಇರುವೆ ಬರಬಾರದು. ಅಂಥ ಊಟ ಯಾವುದಿದೆ ಹೇಳು" ಎಂದೆ.

ಅವಳು ಎದ್ದು ಮನೆಗೆ ಹೋದಳು. ಸಿಟ್ಟಾದಳೆಂದುಕೊಂಡೆವು. ಸ್ವಲ್ಪ ಹೊತ್ತಿಗೆ ಸೆರಗಿನಲ್ಲಿ ಒಣಗಿದ ಬೇರಿನ ತುಂಡುಗಳನ್ನು ತಂದು ಬೆಂಚಿನ ಮೇಲೆ ಸುರಿದಳು. ಬಜೆ. ನಮ್ಮ ಮಗ ಕೂಸಾಗಿದ್ದಾಗ ಇದನ್ನು ತೇಯ್ದು ನಾಲಿಗೆಗೆ ಹಚ್ಚುತ್ತಿದ್ದಳು. ಅಕ್ಕಿ ಡಬ್ಬಿಯಲ್ಲೂ ಇದೇ ಇರುತ್ತದೆ, ಹುಳ ಬಾರದಂತೆ.

"ಕೂಸಿನ ಬಾಯಿಗೆ ಹಾಕೂದು ಅಂದಮ್ಯಾಲೆ ಊಟಾನ" ಎಂದು ಸೂಜಿ ಎತ್ತಿಕೊಂಡಳು. ನಾನು ಒಂದು ತುಂಡನ್ನು ಕಿಟಕಿಯಲ್ಲಿ ಇನ್ನೂ ಉಳಿದಿದ್ದ ಇರುವೆ ಸಾಲಿನ ಮುಂದಿಟ್ಟು ನೋಡಿದೆ. ಸಾಲು ನಿಂತು, ಸುತ್ತಿ, ಹಿಂದಕ್ಕೆ ತಿರುಗಿತು. ಸಮಾಧಾನವಾಯಿತು.

ಮೇಡಂ ನಾಲ್ಕಕ್ಕೆ ಸರಿಯಾಗಿ ಬಂದರು. ಅದಕ್ಕೇ ಅವರ ಮೇಲೆ ನನಗೆ ಗೌರವ ಹುಟ್ಟಿತು. ಬಿಳಿ ಕರ್ಚೀಫನ್ನು ಒದ್ದೆ ಮಾಡಿ ಕೌದಿಯ ಮೇಲೆ ಉಜ್ಜಿ, ಬಣ್ಣ ಬಿಡುತ್ತದೆಯೇ ಎಂದು ನೋಡಿದರು. ಬಿಡಲಿಲ್ಲ. ಆಮೇಲೆ ಕೌದಿಯನ್ನು ಮೂಗಿನ ಹತ್ತಿರ ತಂದರು.

"ಇದೇನು ಸ್ಮೆಲ್ಲು? ಏನಾದ್ರೂ ಸ್ಪ್ರೇ ಹೊಡೆದಿದ್ದೀರಾ?"

ಗೇಟಿನ ಪಕ್ಕದಲ್ಲಿ ಸ್ಪ್ರೇ ಇನ್ನೂ ಹಾಗೇ ನಿಂತಿತ್ತು, ಅವರು ಅದನ್ನು ದಾಟಿಯೇ ಒಳಗೆ ಬಂದಿದ್ದರು. ಸೊಸೆ ಏನನ್ನೂ ಮುಚ್ಚಿಡಲಿಲ್ಲ. ಹೋಳಿಗೆಯನ್ನೂ ಇರುವೆಯನ್ನೂ ಹೇಳಿದಳು, ಸ್ಪ್ರೇ ತಂದ ಮಾವನನ್ನೂ ಹೇಳಿದಳು. ಅಷ್ಟು ವಿವರ ಬೇಕಿರಲಿಲ್ಲ. ಕೊನೆಗೆ ಒಂದು ಮೂಲೆ ಬಿಚ್ಚಿ ಬಜೆಯ ತುಂಡನ್ನು ಅವರ ಅಂಗೈ ಮೇಲಿಟ್ಟಳು.

ಮೇಡಂ ಅದನ್ನು ಮೂಸಿ, ನಕ್ಕರು. "ಅಯ್ಯೋ, ನಮ್ಮಜ್ಜಿ ಮನೆ ವಾಸನೆ ಕಣ್ರೀ ಇದು! ತೊಟ್ಟಿಲಿಗೆ ಕಟ್ಟೋರು. ಮಾಡಿ, ಎಲ್ಲದ್ರಲ್ಲೂ ಇದನ್ನ ಹಾಕಿ. ಹೋಳಿಗೆ ಮಾತ್ರ ಬೇಡಮ್ಮ."

"ಹೋಳಿಗಿ ನಿಮಗ ಕೊಡ್ತೀನಿ, ಕೂಡ್ರಿ" ಎಂದಳು ನನ್ನ ಹೆಂಡತಿ.

ಬಿಚ್ಚಿದ ಮೂಲೆಯನ್ನು ಮತ್ತೆ ಹೊಲಿದ ಮೇಲೆ ಏಳು ಕೌದಿಗಳು ಕಾರಿಗೆ ಹೋದವು. ಎಂಟನೆಯದರಲ್ಲಿ ತುಪ್ಪ ಜಿನುಗಿ ಕಲೆಯಾಗಿತ್ತು. ಸೊಸೆಯೇ ಅದನ್ನು ಬದಿಗಿಟ್ಟು, ಇದು ಬೇಡ, ಬೇರೆ ಹೊಲಿದು ಕೊಡುತ್ತೇನೆ ಎಂದಳು. ಕಾರು ತಿರುವು ದಾಟಿದ ಮೇಲೆ ಅತ್ತೆಯ ಕೊರಳಿಗೆ ಜೋತುಬಿದ್ದಳು. ಆ ಎಂಟನೆಯ ಕೌದಿ ಈಗ ನನ್ನ ಕುರ್ಚಿಯ ಮೇಲಿದೆ.

ಆರಕ್ಕೆ ಕತ್ತರಿಗಳನ್ನು ಮೊಳೆಗಳಿಗೆ ಸಿಕ್ಕಿಸಿದೆವು. ಸ್ಪ್ರೇಯನ್ನು ಮನೆಗೆ ಸಾಗಿಸಿದೆ. ತೆಗೆದಿಟ್ಟಿದ್ದ ಹೋಳಿಗೆ ಚೂರುಗಳನ್ನು ಕಾಗದದಲ್ಲಿ ಸುತ್ತಿ ಬೀದಿಯ ಕೊನೆಯ ಹೊಂಗೆ ಮರದ ಬುಡದಲ್ಲಿ ಇರುವೆಗಳಿಗೆ ಹಾಕಿ ಬಂದು, ಷಟರ್ ಎಳೆದು ಬೀಗ ಹಾಕಿದೆ.