ತೋಪಿನ ಮೇಲೆ ಕಾಸಿದ ಹಲಗಿ

ನಮ್ಮತ್ತಿಯ ಎಡತೋಳಿನ ಮೇಲ್ಭಾಗದಲ್ಲಿ ಬಾರಿಸುವ ತೊಗಲಿನ ಹಲಗಿಯ ಅಂಚು ತಿಕ್ಕಿ ತಿಕ್ಕಿ ಕಮಾನಿನಂಥ ಕಪ್ಪು ಗುರುತು ಬಿದ್ದಿತ್ತು. ಬೇರೆ ಹೆಂಗಸರಾಗಿದ್ದರೆ ಸೆರಗು ಹೊದ್ದು ಮುಚ್ಚುತ್ತಿದ್ದರು. ಆಕೆ ಮದುವೆಮನೆಯಲ್ಲೂ ಅದು ಕಾಣುವ ಹಾಗೆಯೇ ಕೂರುವಳು. ಯಾರಾದರೂ ಕೇಳಿದರೆ, "ನೀವು ಕೊಳ್ಳಾಗ ಬಂಗಾರ ಹಾಕ್ಕೊಂಡೀರಿ, ನಾ ತೋಳಿಗಿ ಇದನ್ನ ಹಾಕ್ಕೊಂಡೀನಿ" ಎನ್ನುವಳು.

ಅತ್ತಿ ಅಂದರೆ ನನ್ನ ಅಪ್ಪನ ತಂಗಿ. ಶಹಾಪುರ ಸೀಮೆಯಲ್ಲಿ ಅಪ್ಪನಂಥ ಹಲಗಿಗಾರ ಇನ್ನೊಬ್ಬನಿರಲಿಲ್ಲ. ತಂಗಿಗೆ ಕಲಿಸು ಅಂದರೆ ಮಾತ್ರ ಒಪ್ಪಲಿಲ್ಲ. "ಹೆಣ್ಣಿನ ಕೈಯಾಗ ಹಲಗಿ ಬಾಯಿ ಬಿಡಂಗಿಲ್ಲ" ಎಂದುಬಿಟ್ಟ. ಅತ್ತಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೇ ಕಲಿತಳು. ಮುಂದೆ ನಮ್ಮೂರು ಶಿರವಾಳದಲ್ಲಿ ಹೊಲದ ಕೆಲಸ ಮುಗಿಸಿ ಬಂದ ಹೆಂಗಸರನ್ನು ಕೂಡಿಸಿ ಒಂದು ಮೇಳವನ್ನೇ ಕಟ್ಟಿದಳು. ನಾನೂ ಸೇರಿದೆ. ಅಪ್ಪ ನನ್ನನ್ನು ತಡೆಯಲಿಲ್ಲ, ಆದರೆ ನಾವು ಬಾರಿಸುವ ಕಡೆ ಒಮ್ಮೆಯೂ ಹಾಯಲಿಲ್ಲ. ಊರಿನ ಯಾರ ಮಾತಿಗೂ ಜಗ್ಗದ ಅತ್ತಿಗೆ ಅಣ್ಣನ ಆ ಮಾತು ಮಾತ್ರ ಮುಳ್ಳಾಗಿ ಉಳಿದಿತ್ತು. ಅವನೊಮ್ಮೆ ತನ್ನ ಹಲಗಿ ಕೇಳಬೇಕು, ಇಷ್ಟೇ ಆಕೆಯ ಆಸೆ.

ಅಂಥದ್ದರಲ್ಲಿ ಪೋರ್ಚುಗಲ್ ದೇಶದ ಒಂದು ಉತ್ಸವಕ್ಕೆ ನಮ್ಮ ಮೇಳಕ್ಕೆ ಕರೆ ಬಂತು. ಸಮುದ್ರದ ದಂಡೆಯ ಹಳೆಯ ಕೋಟೆಯ ಮೇಲೆ ಬಾರಿಸಬೇಕು. ಅತ್ತಿ ಮೊದಲು ಕಟ್ಟಿಟ್ಟದ್ದು ಸೀರೆಯನ್ನಲ್ಲ, ಜೋಳದ ದಂಟಿನ ಒಣ ಎಲೆಯಾದ ರವದಿಯನ್ನು. ಬಾರಿಸುವ ಮುಂಚೆ ರವದಿಯ ಉರಿಗೆ ಹಲಗಿ ಕಾಸಬೇಕು, ಆಗಲೇ ತೊಗಲು ಬಿಗಿದು ದನಿ ಏಳುತ್ತದೆ. ಪರದೇಶದಲ್ಲಿ ಜೋಳ ಬೆಳೆಯುತ್ತಾರೋ ಇಲ್ಲವೋ ಎಂದು ಆಕೆಗೆ ಚಿಂತೆ. ವಿಮಾನ ನಿಲ್ದಾಣದವರು ಚೀಲ ಬಿಚ್ಚಿ ಕಕ್ಕಾಬಿಕ್ಕಿಯಾಗಿ, ರವದಿಯನ್ನು ತೆಗೆದಿಟ್ಟುಕೊಂಡರು. "ಇಟ್ಗೋರಿ, ನಿಮ್ಮ ಎಮ್ಮಿಗರ ಹಾಕ್ರಿ" ಎಂದು ಅತ್ತಿ ಮುಂದೆ ನಡೆದಳು.

ಕೋಟೆ ಹತ್ತಿ ನಿಂತವಳೇ, "ನಮ್ಮ ಸುರಪುರದ ಗುಡ್ಡದ ಸುತ್ತ ಯಾರೋ ನೀರು ಬಿಟ್ಟಂಗ ಅದಲ್ಲೇ" ಎಂದಳು. ಮೂರು ಕಡೆ ಸಮುದ್ರ, ಗೋಡೆಯುದ್ದಕ್ಕೂ ಹಿಂದೆ ಗುಂಡು ಹಾರಿಸುತ್ತಿದ್ದ ಕಬ್ಬಿಣದ ತೋಪುಗಳು. ನೋಡಲು ಚೆಂದವೇ, ಆದರೆ ಅಲ್ಲಿಯ ಹಸಿ ಗಾಳಿಗೆ ನಮ್ಮ ಹಲಗಿಗಳೆಲ್ಲ ಮೆತ್ತಗಾದ ಹಪ್ಪಳದಂತಾದವು. ಬಡಿದರೆ ದೊಪ್ ಎನ್ನುತ್ತಿದ್ದವು. ಬೆಂಕಿ ಕೇಳಿದರೆ ಕಾವಲುಗಾರ ಎರಡೂ ಕೈ ಅಲ್ಲಾಡಿಸಿದ. ಹಳೆಯ ಕೋಟೆ, ಕಡ್ಡಿ ಗೀರುವಂತಿಲ್ಲ. ಅತ್ತ ಊರಲ್ಲಿ ನನ್ನ ತಮ್ಮ ಹೇಗೋ ಪುಸಲಾಯಿಸಿ ಅಪ್ಪನನ್ನು ಮೊಬೈಲಿನ ಮುಂದೆ ಕೂರಿಸಿದ್ದ. "ಇವತ್ತೇ ಕೇಳಾಕ ಕುಂತಾನ, ಇವತ್ತೇ ಹಿಂಗಾಗಬೇಕೇನು!" ಅತ್ತಿಯ ಕಣ್ಣಲ್ಲಿ ನೀರು ಬಂದುದನ್ನು ನಾನು ಮೊದಲ ಸಲ ಕಂಡೆ.

ಸೋತವಳಂತೆ ಹೋಗಿ ಒಂದು ತೋಪಿಗೆ ಒರಗಿದಳು. ಒರಗಿದ್ದೇ ತಡ, "ಅಯ್ಯಯ್ಯಪ್ಪಾ!" ಎಂದು ಜಿಗಿದಳು. ಬೆಳಗಿನಿಂದ ಬಿಸಿಲಿಗೆ ಬಿದ್ದ ಕಬ್ಬಿಣ ರೊಟ್ಟಿ ಹಂಚಿನಂತೆ ಕಾದಿತ್ತು. ಬೆನ್ನು ಉಜ್ಜಿಕೊಳ್ಳುತ್ತಲೇ ಕೂಗಿದಳು: "ಏ, ಲಗೂ ತರ್ರೆವಾ ಹಲಗಿ! ಇದರ ಮ್ಯಾಲ ಬೋರಲ ಹಾಕ್ರಿ!"

ತೋಪಿಗೊಂದರಂತೆ ಹಾಕಿ, ಸುತ್ತ ತಿರುಗಿಸುತ್ತ ಕಾಸಿದೆವು. ಕಾವಲುಗಾರ ಓಡಿ ಬಂದ. ಬೈಯುವುದಕ್ಕೆ ತೆರೆದ ಬಾಯಲ್ಲೇ ನಕ್ಕುಬಿಟ್ಟ, ಆಮೇಲೆ ಗಾಳಿಗೆ ಹಾರದಂತೆ ತಾನೇ ಒಂದು ಹಲಗಿ ಒತ್ತಿ ಹಿಡಿದ. ಸ್ವಲ್ಪ ಹೊತ್ತಿನ ಮೇಲೆ ಅತ್ತಿ ಬೆರಳಿನಿಂದ ಬಡಿದು ನೋಡಿದಳು. ಠಣ್ ಎಂದಿತು.

ಆ ಸಂಜೆ ನಮ್ಮ ಹಲಗಿಯ ಮುಂದೆ ಸಮುದ್ರದ ಸಪ್ಪಳವೇ ಕೇಳಲಿಲ್ಲ. ಕುಳಿತಿದ್ದ ಜನ ಎದ್ದು ಕುಣಿದರು, ಕಾವಲುಗಾರನೂ ಕುಣಿದ. ಅತ್ತಿ ಬೆವರು ಕೂಡ ಒರೆಸಿಕೊಳ್ಳದೆ ಕರೆ ಹಚ್ಚಿಟ್ಟಿದ್ದ ನನ್ನ ಮೊಬೈಲಿನ ಹತ್ತಿರ ಓಡಿದಳು.

"ಅಣ್ಣಾ, ಕೇಳಿಸ್ತೇನು?"

ಅಪ್ಪ ತನ್ನ ಶಿಷ್ಯರ ಮೇಲೆ ರೇಗುವ ದನಿಯಲ್ಲೇ ಹೇಳಿದ: "ಕೇಳಿಸ್ತು. ಎಡಗೈ ಕಡ್ಡಿ ಭಾಳ ಅವಸರ ಮಾಡ್ತದ ನಿಂದು. ಊರಿಗಿ ಬಾ, ತಿದ್ದತೀನಿ."

"ಬೈದ ನೋಡ್ರೆವಾ! ನಮ್ಮಣ್ಣ ನನಗ ಬೈದ!" ಎಂದು ಅತ್ತಿ ಕೋಟೆ ತುಂಬ ಕೂಗುತ್ತ ಓಡಾಡಿದಳು.

ಮುಂದೆ ಅಣ್ಣ-ತಂಗಿ ನಮ್ಮ ಅಂಗಳದಲ್ಲಿ ಎದುರುಬದುರು ನಿಂತು ಬಾರಿಸಿದರು, ಬಾರಿಸಿದಷ್ಟೇ ಜಗಳವನ್ನೂ ಆಡಿದರು. ಹೋದ ವರ್ಷ ಅತ್ತಿ ತೀರಿಕೊಂಡಳು. ನನ್ನ ಕೈಗೆ ಹಲಗಿ ಕೊಟ್ಟವಳು ಆಕೆ, ಆ ಋಣ ತೀರುವಂಥದ್ದಲ್ಲ. ಈಗ ನಮ್ಮ ಮೇಳಕ್ಕೆ ಅಪ್ಪನೇ ಕಲಿಸುತ್ತಾನೆ. ಹೊಸ ಹುಡುಗಿಯರು ತಮ್ಮ ಕೈಲಾಗದೆಂದು ಹಿಂಜರಿದರೆ ಅವನು ಹೇಳುವುದು ಒಂದೇ ಮಾತು: "ನನ್ನ ತಂಗಿ ಬಾರಿಸೋದು ನೀವು ಕೇಳಬೇಕಿತ್ತು."