ಅಂಗಿ ಬದಲಿಸದ ಹುಲಿ

ಬೈಲಹೊಂಗಲದಿಂದ ಹೊರಟ ದೊಡವಾಡದ ಬಸ್ಸು. ನನ್ನ ಪಕ್ಕದಲ್ಲಿ ಒಬ್ಬ ಅಜ್ಜಿ, ಅವರ ತೊಡೆಯ ಮೇಲೆ ಯೂನಿಫಾರ್ಮಿನ ಮೊಮ್ಮಗಳು. ಸೆರಗಿನಲ್ಲಿ ಮುಖ ಹುದುಗಿಸಿ, "ನಾ ಸಾಲಿಗಿ ಒಲ್ಲೆ" ಎನ್ನುತ್ತಿದ್ದಳು.

"ಮನಿ ಅಂದ್ರ ಪುಸ್ತಕದಾಗ ಮನೆ, ಎಲಿ ಅಂದ್ರ ಎಲೆ ಅಂತ ಕಲಿಸ್ಯಾರ್ರಿ. ಇಕಿ ನಿನ್ನೆ ಹುಲಿನ್ನೂ ಹುಲೆ ಅಂತ ಓದ್ಯಾಳ. ಹುಡುಗ್ರೆಲ್ಲಾ ನಕ್ಕಾರ," ಎಂದರು ಅಜ್ಜಿ. ನಗು ನನಗೂ ಬಂತು, ತಡೆದುಕೊಂಡೆ. ಕಾನ್ವೆಂಟಿನಲ್ಲಿ ಓದಿದ ನನಗೆ ಈ ಪೇಚು ಎಂದೂ ಹೊಳೆದಿರಲಿಲ್ಲ.

ಹಿಂದಿನ ಸೀಟಿನಲ್ಲಿ ಅವಳ ಅಕ್ಕೋರೇ, ಅಂದರೆ ಟೀಚರೇ, ಕುಳಿತಿದ್ದರು. ಮುಂದೆ ಬಾಗಿ ಹೇಳಿದರು: "ಪಾರೂ, ಮನಿ, ಎಲಿ ಎಲ್ಲಾ ಪುಸ್ತಕಕ್ಕ ಹೋಗೂಮುಂದ ಬ್ಯಾರೆ ಅಂಗಿ ಹಾಕ್ಕೊಂತಾವ. ಹುಲಿಗೆ ಯಾರ ಅಂಜಿಕಿ? ಅದು ಎಲ್ಲಿದ್ರೂ ಹುಲಿನ. ಅಂಗಿ ಬದಲಿ ಮಾಡದವರನ್ನ ಹುಡುಕೂ ಆಟ ಆಡೂಣು ಇವತ್ತ. ಮೊದಲನೇ ಹುಲಿ ನೀನ."

ಸೆರಗಿನಿಂದ ಒಂದು ಕಣ್ಣು ಹೊರಬಂತು. "ಇಲಿ?"

"ಇಲಿನೂ ಬದಲಿ ಮಾಡಂಗಿಲ್ಲ. ಸಣ್ಣದಿದ್ರೂ ಭಾಳ ಧೈರ್ಯ ಅದಕ್ಕ."

"ಅಜ್ಜಿ?"

ಉತ್ತರ ಅಜ್ಜಿಯಿಂದಲೇ ಬಂತು. "ಈ ವಯಸ್ಸಿನಾಗ ನಾ ಎಲ್ಲಿ ಬದಲಿ ಆಗ್ಲಿ? ಏಳು, ನಿನ್ನ ಸಾಲಿ ಬಂತು."

"ಸಾಲಿ ಅಲ್ಲಜ್ಜಿ, ಶಾಲೆ," ಎಂದು ತಿದ್ದಿ, ಪಾರು ಅಕ್ಕೋರಿಗಿಂತ ಮೊದಲೇ ಇಳಿದಳು.